ಜೈಲಿಗೆ ಹೋದವರ ಜಾಡು ಎಲ್ಲಿ ಸಿಗುತ್ತದೆ? ಕೊಡಗಿನವರಿಗೆ ಡಿಜಿಟಲ್ ಪತ್ರಾಗಾರಗಳ ಹೋಲಿಕೆ

ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಬ್ರಿಟಿಷರು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಮುಂದೆ ಗಲ್ಲಿಗೇರಿಸಿದರು. ಕೊಡಗಿನಲ್ಲಿ ಓದಿದವರಿಗೆ ಈ ಹೆಸರು ಗೊತ್ತು. ಮಡಿಕೇರಿಯಲ್ಲಿ ಅವರ ಪ್ರತಿಮೆಯೂ ಇದೆ. ಆದರೆ ಅವರ ಬಗ್ಗೆ ಅಂದಿನ ಕಾಗದ ಏನಾದರೂ ಉಳಿದಿದೆಯಾ, ಉಳಿದಿದ್ದರೆ ಮನೆಯಲ್ಲೇ ಕೂತು ನೋಡಬಹುದಾ? ಇದನ್ನು ತಿಳಿಯಲು ಹೊರಟವರು ಸಾಮಾನ್ಯವಾಗಿ ಗೂಗಲ್‌ನಲ್ಲಿ ಹೆಸರು ಹಾಕುತ್ತಾರೆ, ನಾಲ್ಕು ಲೇಖನ ಓದುತ್ತಾರೆ, ಅಲ್ಲಿಗೇ ನಿಲ್ಲುತ್ತಾರೆ. ಆ ನಾಲ್ಕೂ ಬಹುತೇಕ ಒಂದನ್ನೊಂದು ನೋಡಿ ಬರೆದಿದ್ದು.

ಅಲ್ಲಿಂದ ಮುಂದೆ ಹೋಗಬೇಕು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮಜ್ಜ ಕ್ವಿಟ್ ಇಂಡಿಯಾ ಕಾಲದಲ್ಲಿ ಜೈಲಿಗೆ ಹೋಗಿದ್ದರಂತೆ ಎಂದು ಕೇಳಿಕೊಂಡು ಬೆಳೆದವರಿದ್ದಾರೆ. ತುರ್ತು ಪರಿಸ್ಥಿತಿಯ ಬಗ್ಗೆ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿದ್ದಾರೆ. ನಾಗರಹೊಳೆಯ ಬುಡಕಟ್ಟು ಜನರ ಹಾಡಿಗಳ ಹೋರಾಟವನ್ನು ಹತ್ತಿರದಿಂದ ಕಂಡವರಿದ್ದಾರೆ. ಬಂಡಾಯ, ಚಳವಳಿ, ರಾಜಕೀಯ ಕೈದಿಗಳು, ಇವರ ಕಾಗದ ಇಟ್ಟಿರುವ ಆರ್ಕೈವ್‌ಗಳು ಇವತ್ತು ಬೇಕಾದಷ್ಟಿವೆ. ಹೆಚ್ಚಿನವಕ್ಕೆ ದುಡ್ಡು ಕೊಡಬೇಕಿಲ್ಲ. ಯಾವುದರಲ್ಲಿ ಏನನ್ನು ಹುಡುಕಬೇಕು ಎನ್ನುವುದು ಗೊತ್ತಾಗದೆ ಜನ ಸೋತು ಕೈಬಿಡುತ್ತಾರೆ.

ಮೊದಲು ನೋಡಬೇಕಾದ್ದು: ಕಾಗದ ಯಾರದ್ದು?

ಆರ್ಕೈವ್ ಎಷ್ಟು ದೊಡ್ಡದು, ಸೈಟ್ ಚೆನ್ನಾಗಿದೆಯಾ, ಇದೆಲ್ಲ ಆಮೇಲಿನ ಮಾತು. ಅಲ್ಲಿರುವ ಕಾಗದ ಬರೆದವರು ಯಾರು ಎಂದು ಮೊದಲು ನೋಡಿ. ಹಿಡಿದು ಒಳಗೆ ಹಾಕಿದವರು ಬರೆದದ್ದಾ? ಒಳಗೆ ಹೋದವರು ಬರೆದದ್ದಾ? ತೀರ್ಪು ಕೊಟ್ಟವರದ್ದಾ? ಪಕ್ಕದಲ್ಲಿ ನಿಂತು ನೋಡಿದವರದ್ದಾ?

ಪೊಲೀಸ್ ಫೈಲಿನಲ್ಲಿ ತಾರೀಖು, ಊರು, ಸೆಕ್ಷನ್, ಶಿಕ್ಷೆ ಸಿಗುತ್ತದೆ. ಆ ಮನುಷ್ಯ ಮನೆ ಬಿಟ್ಟು ಯಾಕೆ ಹೊರಟ ಎನ್ನುವುದು ಸಿಗುವುದಿಲ್ಲ. ಚಳವಳಿಯವರ ಕರಪತ್ರದಲ್ಲಿ ಆ 'ಯಾಕೆ' ತುಂಬಿ ತುಳುಕುತ್ತದೆ, ಆದರೆ ಒಳಜಗಳ, ಸೋಲು, ಭಯ ಕಾಣುವುದಿಲ್ಲ. ಕೋರ್ಟಿನ ತೀರ್ಪಿನಲ್ಲಿ ಎರಡೂ ಕಡೆಯ ವಾದ ಇರುತ್ತದೆ, ಮನುಷ್ಯ ಮಾತ್ರ ಅರ್ಜಿದಾರ ಅಥವಾ ಆರೋಪಿ ಆಗಿಬಿಟ್ಟಿರುತ್ತಾನೆ. ಹಾಗಾಗಿ ಯಾವುದೇ ಘಟನೆಗೆ ಕನಿಷ್ಠ ಎರಡು ಬೇರೆ ಕೈಗಳ ಕಾಗದ ನೋಡದೆ ಬರೆಯಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆಳಗಿನ ಹೋಲಿಕೆಯನ್ನೂ ಇದೇ ಲೆಕ್ಕದಲ್ಲಿ ಮಾಡಿದ್ದೇನೆ.

ಸರ್ಕಾರದ ಫೈಲು: ಅಭಿಲೇಖ್ ಪಟಲ್

ದೆಹಲಿಯ ರಾಷ್ಟ್ರೀಯ ಪತ್ರಾಗಾರ ಶುರುವಾದದ್ದು 1891ರಲ್ಲಿ, ಕಲ್ಕತ್ತಾದಲ್ಲಿ. ಆಗಿನ ಹೆಸರು ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್. ಅದರ ಫೈಲುಗಳನ್ನು ಆನ್‌ಲೈನ್ ನೋಡುವ ಜಾಗ ಅಭಿಲೇಖ್ ಪಟಲ್. ಹೆಸರು ನೋಂದಾಯಿಸಿಕೊಂಡರೆ ಸ್ಕ್ಯಾನ್ ಆಗಿರುವ ಫೈಲುಗಳನ್ನು ತೆರೆದು ಓದಬಹುದು.

ಕೊಡಗಿನವರಿಗೆ ಇದು ಬೇರೆ ಜಿಲ್ಲೆಯವರಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದ ಮೇಲೆ ಕೊಡಗು ಮದ್ರಾಸ್ ಪ್ರಾಂತ್ಯಕ್ಕೂ ಸೇರಲಿಲ್ಲ, ಮೈಸೂರು ಸಂಸ್ಥಾನಕ್ಕೂ ಸೇರಲಿಲ್ಲ. ಬ್ರಿಟಿಷ್ ಭಾರತ ಸರ್ಕಾರದ ಕೈಕೆಳಗಿನ ಪುಟ್ಟ ಪ್ರಾಂತ್ಯವಾಗಿಯೇ ಉಳಿಯಿತು. 1881ರ ನಂತರ ಬಹಳ ವರ್ಷ ಮೈಸೂರಿನ ರೆಸಿಡೆಂಟರೇ (ಅಲ್ಲಿನ ಬ್ರಿಟಿಷ್ ಪ್ರತಿನಿಧಿ) ಕೊಡಗಿನ ಚೀಫ್ ಕಮಿಷನರ್ ಕೂಡ ಆಗಿದ್ದರು. ಹಾಗಾಗಿ ಮಡಿಕೇರಿಯ ಮುಖ್ಯ ಕಾಗದಗಳು ಅವರ ಮೇಜು ದಾಟಿ ಕಲ್ಕತ್ತಾಕ್ಕೆ, ರಾಜಧಾನಿ ಬದಲಾದ ಮೇಲೆ ದೆಹಲಿಗೆ ಹೋಗುತ್ತಿದ್ದವು. ಧಾರವಾಡದವರು ಮುಂಬೈಯಲ್ಲಿ, ಮಂಗಳೂರಿನವರು ಚೆನ್ನೈನಲ್ಲಿ ಹುಡುಕಬೇಕಾದ್ದನ್ನು ನಾವು ದೆಹಲಿಯಲ್ಲಿ ಹುಡುಕಬೇಕು.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಹುಡುಕಾಟ ನಡೆಯುವುದು ಮುಖ್ಯವಾಗಿ ಫೈಲಿನ ಶೀರ್ಷಿಕೆಯ ಮೇಲೆ, ಒಳಗಿನ ಪುಟಗಳ ಮೇಲೆ ಅಲ್ಲ. ಶೀರ್ಷಿಕೆ ಬರೆದವರು ಅಂದಿನ ಗುಮಾಸ್ತರು, ಅದೂ ಇಂಗ್ಲಿಷಿನಲ್ಲಿ. ಅಜ್ಜನ ಹೆಸರು ಹಾಕಿದರೆ ಸೊನ್ನೆ ಬರುವುದು ಇದಕ್ಕೇ. ಅಜ್ಜನ ಹೆಸರು ಫೈಲಿನ ಹದಿನೇಳನೇ ಪುಟದಲ್ಲಿ ಇರಬಹುದು, ಶೀರ್ಷಿಕೆಯಲ್ಲಿ ಇರುವುದಿಲ್ಲ. ಊರು, ವರ್ಷ, ವಿಷಯ, ಈ ಮೂರನ್ನು ಸೇರಿಸಿ ಹುಡುಕಿ. ಊರಿಗೆ ಅಂದಿನ ಸ್ಪೆಲಿಂಗ್ ಬೇಕು. ಕೊಡಗಿಗೆ ಕೂರ್ಗ್, ಮಡಿಕೇರಿಗೆ ಮರ್ಕಾರಾ, ಕುಶಾಲನಗರಕ್ಕೆ ಫ್ರೇಜರ್‌ಪೇಟ್, ವಿರಾಜಪೇಟೆಗೆ ವೀರರಾಜೇಂದ್ರಪೇಟ್. ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ವಿಷಯಕ್ಕೆ ಅಂದಿನ ಆಫೀಸಿನ ಮಾತು ಬೇಕು. 1837ಕ್ಕೆ ಇನ್ಸರೆಕ್ಷನ್, ರೆಬೆಲ್. 1930ರಿಂದ ಈಚೆಗೆ ಸಿವಿಲ್ ಡಿಸ್‌ಒಬೀಡಿಯನ್ಸ್, ಪಿಕೆಟಿಂಗ್, ಸೆಡಿಷನ್. ವಿಚಾರಣೆಯಿಲ್ಲದೆ ಬಂಧನದಲ್ಲಿದ್ದವರಿಗೆ ಸ್ಟೇಟ್ ಪ್ರಿಸನರ್, ಡಿಟೆನ್ಯೂ, 1940ರ ದಶಕದಲ್ಲಿ ಸೆಕ್ಯೂರಿಟಿ ಪ್ರಿಸನರ್. ಫ್ರೀಡಂ ಫೈಟರ್ ಎಂದು ಹಾಕಿದರೆ ಸಿಗುವುದು ಸ್ವಾತಂತ್ರ್ಯದ ನಂತರದ ಪಿಂಚಣಿ ಕಾಗದಗಳೇ.

ಇಲಾಖೆಯನ್ನೂ ಆರಿಸಿಕೊಳ್ಳಬಹುದು. ಹಳೇ ಕಾಲದ್ದಕ್ಕೆ ಫಾರಿನ್ ಡಿಪಾರ್ಟ್‌ಮೆಂಟ್, ಸತ್ಯಾಗ್ರಹದ ಕಾಲದ್ದಕ್ಕೆ ಹೋಮ್ ಡಿಪಾರ್ಟ್‌ಮೆಂಟ್, ಅದರೊಳಗೆ ಪೊಲಿಟಿಕಲ್ ಬ್ರಾಂಚ್. ಪ್ರಾಂತ್ಯಗಳಿಂದ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದ ರಾಜಕೀಯ ವರದಿಗಳು ಇದೇ ಬ್ರಾಂಚಿನಲ್ಲಿವೆ. ಯಾರೋ ಎಲ್ಲೋ ಭಾಷಣ ಮಾಡಿದರು, ಎಷ್ಟು ಜನ ಸೇರಿದ್ದರು, ಈ ಥರದ ಸಣ್ಣ ಸಣ್ಣ ವಿವರ ಬೇಕಾದವರು ಮೊದಲು ಇವನ್ನೇ ತೆಗೆಯಬೇಕು.

ಹೆಸರಿನ ವಿಷಯದಲ್ಲಿ ಕೊಡಗಿಗೇ ಆದ ಒಂದು ತೊಡಕಿದೆ. ನಮ್ಮಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಪಂದ್ಯಂಡ ಬೆಳ್ಯಪ್ಪ, ಚೆಪ್ಪುಡಿರ ಮುತ್ತಣ್ಣ ಪೂಣಚ್ಚ. ಇಂಗ್ಲಿಷ್ ಕಾಗದದಲ್ಲಿ ಇದು ಇನಿಷಿಯಲ್ ಆಗಿಬಿಡುತ್ತದೆ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ, ಮುಂದೆ 1952ರಿಂದ 1956ರವರೆಗೆ ಕೊಡಗು ರಾಜ್ಯದ ಮುಖ್ಯಮಂತ್ರಿಯಾದ ಪೂಣಚ್ಚನವರು ಎಲ್ಲ ಕಡೆ ಸಿ. ಎಂ. ಪೂಣಚ್ಚ. ಮನೆತನದ ಪೂರ್ತಿ ಹೆಸರು ಹಾಕಿ ಹುಡುಕಿದರೆ ಅರ್ಧ ಕಾಗದ ಕೈತಪ್ಪುತ್ತದೆ. ಅದೇ ಬರೀ ಪೂಣಚ್ಚ ಎಂದು ಹಾಕಿದರೆ ಊರಿನ ಪೂಣಚ್ಚಂದಿರೆಲ್ಲ ಬಂದು ನಿಲ್ಲುತ್ತಾರೆ. ಎರಡೂ ರೀತಿ ಹುಡುಕಿ, ಅಪ್ಪನ ಹೆಸರಿನ ಇನಿಷಿಯಲ್ ನೋಡಿ ಬೇರ್ಪಡಿಸಿ. ಅರೆಭಾಷೆ ಗೌಡರ ಮನೆತನಗಳಿಗೂ ಇದೇ ಮಾತು. ಗುಡ್ಡೆಮನೆ, ಕೆದಂಬಾಡಿ ಎಂದು ನಾವು ಹೇಳುವುದು ಹಳೇ ಇಂಗ್ಲಿಷ್ ಕಾಗದದಲ್ಲಿ ಬಿಟ್ಟುಹೋಗಿರಬಹುದು. ಅಪ್ಪಯ್ಯ, ರಾಮಯ್ಯ ಎಂಬುದರ ಸ್ಪೆಲಿಂಗ್ ಕೂಡ ಬರೆದವರ ಕಿವಿಗೆ ಕೇಳಿಸಿದಂತೆ.

1837ರದ್ದು ಹುಡುಕುವವರಿಗೆ ಇನ್ನೊಂದು ಮಾತು. ಕಲ್ಯಾಣಪ್ಪನ ಕಾಟಕಾಯಿ ಎಂದು ಕರೆಯುವ ಆ ದಂಗೆ ಕೊಡಗಿನ ಗಡಿಯೊಳಗೆ ನಿಲ್ಲಲಿಲ್ಲ. ಅಮರ ಸುಳ್ಯ, ಪುತ್ತೂರು ಕಡೆಯ ಸೀಮೆಯನ್ನು ಬ್ರಿಟಿಷರು ಕೊಡಗಿನಿಂದ ಬಿಡಿಸಿ ದಕ್ಷಿಣ ಕನ್ನಡಕ್ಕೆ ಸೇರಿಸಿದ್ದರು, ಕಂದಾಯವನ್ನು ದವಸದ ಬದಲು ನಗದಿನಲ್ಲಿ ಕೊಡಿ ಎಂದಿದ್ದರು. ಸಿಟ್ಟು ಅಲ್ಲಿಂದಲೇ ಎದ್ದಿತು. ದಂಗೆಯವರು ಮಂಗಳೂರನ್ನು ಹಿಡಿದರು. ಆಮೇಲೆ ಬ್ರಿಟಿಷರು ದಂಗೆಯವರಲ್ಲಿ ಕೆಲವರನ್ನು ಅಲ್ಲಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯ. ಹೀಗಾಗಿ ಒಂದೇ ದಂಗೆಯ ಕಾಗದ ಎರಡು ಆಡಳಿತದಲ್ಲಿ ಹಂಚಿಹೋಗಿದೆ. ಮಡಿಕೇರಿ ಕಡೆಯದ್ದಕ್ಕೆ ದೆಹಲಿ, ಮಂಗಳೂರು ಕಡೆಯದ್ದಕ್ಕೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನೂ ನೋಡಬೇಕು.

ಹಳೇ ಪುಸ್ತಕ, ವರದಿ, ಗೆಜೆಟಿಯರ್: ಇಂಟರ್ನೆಟ್ ಆರ್ಕೈವ್

1996ರಲ್ಲಿ ಅಮೆರಿಕದ ಬ್ರೂಸ್ಟರ್ ಕಾಲ್ ಶುರು ಮಾಡಿದ ಇಂಟರ್ನೆಟ್ ಆರ್ಕೈವ್ ಎಲ್ಲಕ್ಕಿಂತ ಸುಲಭ. ಹೆಚ್ಚಿನದಕ್ಕೆ ನೋಂದಣಿಯೂ ಬೇಡ. ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಜ್ ತಂಡದವರು ಕನ್ನಡದ ಹಳೇ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಲ್ಲೇ ಹಾಕುತ್ತಿದ್ದಾರೆ. ಇದು ಎಷ್ಟು ದೊಡ್ಡ ಕೆಲಸ ಎನ್ನುವುದು ಹಳೇ ಪತ್ರಿಕೆಗಾಗಿ ಲೈಬ್ರರಿ ಲೈಬ್ರರಿ ಅಲೆದವರಿಗೆ ಗೊತ್ತು.

ಇಲ್ಲಿನ ದೊಡ್ಡ ಲಾಭ ಪುಸ್ತಕದ ಒಳಗಿನ ಅಕ್ಷರದ ಮೇಲೂ ಹುಡುಕಬಹುದು ಎನ್ನುವುದು. ಹುಡುಕುವ ಪೆಟ್ಟಿಗೆಯಲ್ಲಿ ಅದಕ್ಕೆ ಬೇರೆ ಆಯ್ಕೆ ಇದೆ. ಹಾಗೇ ಬಿಟ್ಟರೆ ಶೀರ್ಷಿಕೆ, ಲೇಖಕರ ಹೆಸರು ಮಾತ್ರ ಹುಡುಕುತ್ತದೆ. ಪುಸ್ತಕ ತೆರೆದ ಮೇಲೂ ಒಳಗೆ ಹುಡುಕಬಹುದು. 1855ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಅವರ ಕೊಡಗಿನ ಪುಸ್ತಕವನ್ನೋ 1870ರ ರಿಕ್ಟರ್ ಅವರ ಕೂರ್ಗ್ ಮ್ಯಾನ್ಯುಯಲ್ಲನ್ನೋ ತೆರೆದು ರೆಬೆಲ್ ಎಂದು ಇಂಗ್ಲಿಷಿನಲ್ಲಿ ಹಾಕಿ. ಕೆಳಗಿನ ಗೆರೆಯ ಮೇಲೆ ಎಲ್ಲೆಲ್ಲಿ ಆ ಮಾತು ಇದೆ ಎಂದು ಗುರುತು ಬೀಳುತ್ತದೆ. ಒಂದೊಂದನ್ನೂ ಒತ್ತಿದರೆ ಆ ಪುಟ ತೆರೆಯುತ್ತದೆ. ಆದರೆ ಇವರಿಬ್ಬರೂ ಮಿಷನರಿಗಳು. ದಂಗೆ ಎದ್ದವರನ್ನು ನೋಡುವ ದೃಷ್ಟಿ ಬ್ರಿಟಿಷ್ ಅಧಿಕಾರಿಗಳಿಗೆ ಹತ್ತಿರ. ಘಟನೆ ಯಾವಾಗ, ಎಲ್ಲಿ, ಯಾವ ಕ್ರಮದಲ್ಲಿ ನಡೆಯಿತು ಎನ್ನುವುದಕ್ಕೆ ಓದಿ. ದಂಗೆಯ ಕಾರಣವನ್ನು ಇವರಿಂದ ಮಾತ್ರ ತೆಗೆದುಕೊಳ್ಳಬೇಡಿ.

ಕನ್ನಡದ ಸ್ಕ್ಯಾನ್‌ಗಳಲ್ಲಿ ಇನ್ನೊಂದು ಕಷ್ಟ. ಕಂಪ್ಯೂಟರು ಹಳೇ ಅಚ್ಚಿನ ಒತ್ತಕ್ಷರ ಓದುವಾಗ ತುಂಬಾ ತಪ್ಪುತ್ತದೆ. ಅಪ್ಪಯ್ಯ ಎಂಬಂಥ ಹೆಸರಿನಲ್ಲಿ ಎರಡು ಒತ್ತು. ಎರಡರಲ್ಲಿ ಒಂದು ತಪ್ಪಿದರೂ ಹುಡುಕಾಟಕ್ಕೆ ಸಿಗುವುದಿಲ್ಲ. ಅದಕ್ಕೆ ಒತ್ತಿಲ್ಲದ ಪದಗಳನ್ನು ಆರಿಸಿ: ಮಡಿಕೇರಿ, ಕೊಡಗು, ಕೋಟೆ. ಪುಸ್ತಕ ಸಿಕ್ಕಿದ ಮೇಲೆ ಪರಿವಿಡಿ ನೋಡಿ ಕೈಯಾರೆ ಪುಟ ತಿರುಗಿಸುವುದೇ ಲೇಸು. ಸ್ವಾತಂತ್ರ್ಯ ಚಳವಳಿಗೆ 1965ರ ಕೊಡಗು ಜಿಲ್ಲಾ ಗೆಜೆಟಿಯರ್‌ನ ಇತಿಹಾಸ ಅಧ್ಯಾಯ ಒಳ್ಳೇ ಮೊದಲ ಮೆಟ್ಟಿಲು. ಹೆಸರು, ವರ್ಷ ಅಲ್ಲಿ ಹಿಡಿದುಕೊಂಡು ಅಭಿಲೇಖ್ ಪಟಲ್‌ಗೆ ಹೋದರೆ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ.

ಇಂಥದ್ದೇ ಇನ್ನೊಂದು ಸೌತ್ ಏಷ್ಯಾ ಓಪನ್ ಆರ್ಕೈವ್ಸ್. ಜೆಸ್ಟೋರ್ ಎಂಬ ವಿದ್ವತ್ ಬರಹಗಳ ಜಾಲತಾಣದ ಮೇಲೆ ಉಚಿತವಾಗಿ ಸಿಗುತ್ತದೆ. ಬ್ರಿಟಿಷ್ ಕಾಲದ ಆಡಳಿತ ವರದಿ, ಜನಗಣತಿ, ಪತ್ರಿಕೆಗಳನ್ನು ಅಚ್ಚುಕಟ್ಟಾಗಿ ಜೋಡಿಸಿದ್ದಾರೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಒಂದೇ ಪುಸ್ತಕ ಮೂರು ಹೆಸರಲ್ಲಿ, ತಪ್ಪು ವರ್ಷದೊಂದಿಗೆ ಬಿದ್ದಿರುತ್ತದೆ. ಇಲ್ಲಿ ಆ ಗೋಜಲು ಕಡಿಮೆ. ಆದರೆ ಕನ್ನಡದ್ದು ಬೇಕು ಎಂದರೆ ಇಂಟರ್ನೆಟ್ ಆರ್ಕೈವ್‌ಗೇ ಬರಬೇಕು. ಕೊಡಗಿನ ವಿಷಯಕ್ಕೆ ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇಂಟರ್ನೆಟ್ ಆರ್ಕೈವ್ ಎನ್ನುತ್ತೇನೆ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ಟವರೂ ಇರುವುದಿಲ್ಲ, ಅಲ್ವಾ? ಸ್ಕ್ಯಾನ್ ಪಿಡಿಎಫ್‌ಗಳು ಭಾರ. ಹೆಚ್ಚಿನ ಪುಸ್ತಕಗಳ ಪಕ್ಕದಲ್ಲಿ ಬರೀ ಅಕ್ಷರದ ಫೈಲು ಕೂಡ ಇರುತ್ತದೆ. ಅದು ತುಂಬಾ ಹಗುರ. ಮೊದಲು ಅದನ್ನು ಇಳಿಸಿಕೊಂಡು ಬೇಕಾದ್ದು ಇದೆಯಾ ನೋಡಿ, ಇದ್ದರೆ ಮಾತ್ರ ಪಿಡಿಎಫ್ ತೆಗೆಯಿರಿ.

ಸರ್ಕಾರದ ಹುತಾತ್ಮರ ಪಟ್ಟಿಗಳು

ಭಾರತೀಯ ಇತಿಹಾಸ ಅನುಸಂಧಾನ ಪರಿಷತ್ತು ಹುತಾತ್ಮರ ಕೋಶವನ್ನು ಐದು ಸಂಪುಟಗಳಲ್ಲಿ ತಂದಿದೆ. ಕರ್ನಾಟಕ ಐದನೆಯದರಲ್ಲಿದೆ. ಕೇಂದ್ರ ಸರ್ಕಾರದ ಅಮೃತ ಮಹೋತ್ಸವ ಜಾಲತಾಣದಲ್ಲಿ ಜಿಲ್ಲಾವಾರು ಕಥೆಗಳೂ ಇವೆ. ಬೇಗ ಒಂದು ಹೆಸರು ಖಚಿತ ಮಾಡಿಕೊಳ್ಳಲು ಒಳ್ಳೆಯದು. ಆದರೆ ಆ ಕೋಶದ ವ್ಯಾಪ್ತಿ 1857ರಿಂದ 1947. ನಮ್ಮ 1837 ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನದು. ಅಲ್ಲಿ ಅಪ್ಪಯ್ಯ ಗೌಡರನ್ನು ಹುಡುಕಿ ನಿರಾಶರಾಗಬೇಡಿ. ಜೊತೆಗೆ ಇದು ಪ್ರಾಣ ಕೊಟ್ಟವರ ಪಟ್ಟಿ. ಜೈಲಿಗೆ ಹೋಗಿ ಬದುಕಿ ಬಂದವರು, ಅದರಲ್ಲೂ ಮನೆಮನೆಯಿಂದ ಹೊರಟ ಹೆಣ್ಣುಮಕ್ಕಳು, ಇದರ ಹೊರಗೆ ಉಳಿಯುತ್ತಾರೆ.

ಹೋರಾಟದವರೇ ಕೂಡಿಟ್ಟದ್ದು: ಫ್ರೀಡಂ ಆರ್ಕೈವ್ಸ್

ಇದು ನಮ್ಮ ದೇಶದ್ದಲ್ಲ. ಕೊಡಗಿನ ಒಂದು ಹೆಸರೂ ಇಲ್ಲಿ ಸಿಗುವುದಿಲ್ಲ. ಆದರೂ ರಾಜಕೀಯ ಕೈದಿಗಳ ಬಗ್ಗೆ ಓದುವವರು ಇದನ್ನು ನೋಡಲೇಬೇಕು ಎನ್ನುವುದು ನನ್ನ ಆಸೆ.

ಕ್ಯಾಲಿಫೋರ್ನಿಯಾದ ಫ್ರೀಡಂ ಆರ್ಕೈವ್ಸ್ ಅನ್ನು 1999ರಲ್ಲಿ ಶುರು ಮಾಡಿದವರಲ್ಲಿ ಮುಖ್ಯರು ಕ್ಲಾಡ್ ಮಾರ್ಕ್ಸ್. ಅವರೇ ರಾಜಕೀಯ ಕೈದಿಯಾಗಿದ್ದವರು. 1960ರ ದಶಕದ ಕೊನೆಯಿಂದ 1990ರ ದಶಕದವರೆಗಿನ ಚಳವಳಿಗಳ ಸಾವಿರಾರು ಗಂಟೆಗಳ ಧ್ವನಿ ಮತ್ತು ವಿಡಿಯೋ ಅಲ್ಲಿದೆ. ಜೊತೆಗೆ ಕರಪತ್ರ, ಪತ್ರಿಕೆ, ಪತ್ರಗಳು. ಕಪ್ಪು ಜನರ ವಿಮೋಚನಾ ಹೋರಾಟ, ಪೋರ್ಟೊ ರಿಕೊ ಸ್ವಾತಂತ್ರ್ಯ ಚಳವಳಿ, ಮೂಲನಿವಾಸಿಗಳ ಹೋರಾಟ, ಜೈಲು ದಂಗೆಗಳು. ಹೀಗೆ ಸಂಗ್ರಹಗಳಾಗಿ ವಿಂಗಡಿಸಿದ್ದಾರೆ. ಬರೀ ಪದ ಹಾಕಿ ಹುಡುಕುವುದಕ್ಕಿಂತ ಮೊದಲು ಸಂಗ್ರಹದ ಪಟ್ಟಿ ತೆರೆದು, ಒಂದರ ಒಳಗೆ ಹೋಗಿ, ಅಲ್ಲಿಂದ ಹುಡುಕಿದರೆ ಬೇಗ ಸಿಗುತ್ತದೆ. ಧ್ವನಿಮುದ್ರಿಕೆಗಳಲ್ಲಿ ಆಡಿದ ಮಾತನ್ನು ಹುಡುಕಾಟ ಹಿಡಿಯುವುದಿಲ್ಲ. ಸಿಬ್ಬಂದಿ ಬರೆದ ವಿವರಣೆಯನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ವ್ಯಕ್ತಿಯ ಹೆಸರು, ಜೈಲಿನ ಹೆಸರು, ವರ್ಷ, ಇವೇ ಕೈಹಿಡಿಯುವ ಪದಗಳು.

ಒಂದು ಉದಾಹರಣೆ ಮಾಡಿ ನೋಡಿ. 1971ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ಅಟಿಕಾ ಜೈಲನ್ನು ಕೈದಿಗಳು ವಶಕ್ಕೆ ತೆಗೆದುಕೊಂಡರು. 13ರಂದು ಸರ್ಕಾರ ಗುಂಡು ಹಾರಿಸಿ ವಾಪಸ್ ಪಡೆಯಿತು. ಒಟ್ಟು 43 ಜನ ಸತ್ತರು, ಅವರಲ್ಲಿ ಜೈಲಿನ ನೌಕರರೂ ಇದ್ದರು. ಅಟಿಕಾ ಎಂದು ಹಾಕಿ ಫ್ರೀಡಂ ಆರ್ಕೈವ್ಸ್‌ನಲ್ಲಿ ಸಿಗುವುದನ್ನು ಕೇಳಿ. ಆಮೇಲೆ ಅಮೆರಿಕದ ಪೊಲೀಸ್ ಸಂಸ್ಥೆ ಎಫ್‌ಬಿಐ ತಾನೇ ಬಿಡುಗಡೆ ಮಾಡಿದ ಕಾಗದಗಳ ಜಾಲತಾಣ ವಾಲ್ಟ್ ತೆರೆಯಿರಿ. ಅಲ್ಲಿ ಕೊಯಿಂಟೆಲ್‌ಪ್ರೊ ಎಂಬ ಗುಪ್ತ ಕಾರ್ಯಾಚರಣೆಯ ಫೈಲುಗಳಿವೆ. 1956ರಿಂದ 1971ರವರೆಗೆ ಚಳವಳಿಗಳ ಒಳಗೆ ನುಸುಳಿ ಒಡೆಯಲು ನಡೆಸಿದ ಕಾರ್ಯಾಚರಣೆ ಅದು. 1971ರ ಮಾರ್ಚ್‌ನಲ್ಲಿ ಕೆಲವು ನಾಗರಿಕರು ಪೆನ್ಸಿಲ್ವೇನಿಯಾದ ಮೀಡಿಯಾ ಊರಿನ ಎಫ್‌ಬಿಐ ಕಚೇರಿಗೆ ನುಗ್ಗಿ ಫೈಲು ಹೊತ್ತು ತಂದ ಮೇಲೆ ಅದು ಜನರಿಗೆ ಗೊತ್ತಾಯಿತು. ವಾಲ್ಟ್‌ನ ಪುಟಗಳಲ್ಲಿ ಸಾಲು ಸಾಲು ಅಳಿಸಿ ಹಾಕಿದ್ದಾರೆ. ಫ್ರೀಡಂ ಆರ್ಕೈವ್ಸ್‌ನಲ್ಲಿ ಅದೇ ಕಾಲದ ಮನುಷ್ಯರು ಸ್ವಂತ ದನಿಯಲ್ಲಿ ಮಾತಾಡುತ್ತಾರೆ. ಎರಡನ್ನೂ ಒಂದೇ ದಿನ ನೋಡಿದರೆ, ಕಾಗದ ಯಾರದ್ದು ಎಂದು ನಾನು ಮೊದಲೇ ಯಾಕೆ ಕೇಳಿದೆ ಎನ್ನುವುದು ತಿಳಿಯುತ್ತದೆ.

ಬರಹ ಬೇಕಾದವರಿಗೆ ಮಾರ್ಕ್ಸಿಸ್ಟ್ಸ್ ಇಂಟರ್ನೆಟ್ ಆರ್ಕೈವ್ ಇದೆ. ಸ್ವಯಂಸೇವಕರು ನಡೆಸುವಂಥದ್ದು. ಭಗತ್ ಸಿಂಗ್, 1931ರಿಂದ 1936ರವರೆಗೆ ಜೈಲಿನಲ್ಲಿದ್ದ ಕ್ರಾಂತಿಕಾರಿ ಎಂ. ಎನ್. ರಾಯ್, 1972ರಲ್ಲಿ ಪೊಲೀಸ್ ವಶದಲ್ಲೇ ತೀರಿಕೊಂಡ ನಕ್ಸಲ್ ನಾಯಕ ಚಾರು ಮಜುಂದಾರ್, ಇವರ ಬರಹಗಳು ಟೈಪ್ ಆಗಿಯೇ ಸಿಗುತ್ತವೆ. ಸ್ಕ್ಯಾನ್ ಅಲ್ಲದ್ದರಿಂದ ಹುಡುಕಾಟ ಸಲೀಸು, ಫೋನಿನಲ್ಲೂ ಓದಬಹುದು. ನಾಯಕರದ್ದು ಮಾತ್ರ ಸಿಗುತ್ತದೆ ಎನ್ನುವುದು ಇದರ ಮಿತಿ. ಜೊತೆಗೆ ನಿಂತು ಪೆಟ್ಟು ತಿಂದ ಸಾಮಾನ್ಯ ಕಾರ್ಯಕರ್ತರ ದನಿ ಇಲ್ಲಿಲ್ಲ. ಆ ವಿಷಯದಲ್ಲಿ ಫ್ರೀಡಂ ಆರ್ಕೈವ್ಸ್ ಎಷ್ಟೋ ಮೇಲು. ಬೇರೆ ಬೇರೆ ಜೈಲುಗಳಲ್ಲಿದ್ದ, ನಾವು ಹೆಸರೇ ಕೇಳದ ಕೈದಿಗಳ ಮಾತೂ ಅಲ್ಲಿ ಉಳಿದಿದೆ.

ಕೋರ್ಟಿನ ಕಾಗದ: ಇಂಡಿಯನ್ ಕಾನೂನ್

ಸ್ವಾತಂತ್ರ್ಯದ ನಂತರದ ರಾಜಕೀಯ ಕೈದಿಗಳ ಬಗ್ಗೆ ಹುಡುಕುವವರು ಆರ್ಕೈವ್ ಎಂದ ಕೂಡಲೇ ತೀರ್ಪುಗಳನ್ನು ಮರೆತುಬಿಡುತ್ತಾರೆ. 2008ರಿಂದ ಇರುವ ಇಂಡಿಯನ್ ಕಾನೂನ್ ಉಚಿತ. ತೀರ್ಪಿನ ಪ್ರತಿ ಸಾಲಿನ ಮೇಲೂ ಹುಡುಕಬಹುದು. ಕೋರ್ಟ್ ಮತ್ತು ವರ್ಷ ಆರಿಸಿಕೊಳ್ಳಬಹುದು. ನಮ್ಮ ಪಕ್ಕದ ಕಣ್ಣೂರಿನ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ತಮ್ಮ ಬಂಧನದ ವಿರುದ್ಧ ಹೂಡಿದ 1950ರ ಪ್ರಕರಣದಿಂದ ಶುರು ಮಾಡಿ. ವಿಚಾರಣೆಯಿಲ್ಲದ ಬಂಧನದ ಬಗ್ಗೆ ಸಂವಿಧಾನ ಬಂದ ಮೇಲಿನ ಮೊದಲ ದೊಡ್ಡ ತೀರ್ಪು ಅದು.

ತುರ್ತು ಪರಿಸ್ಥಿತಿಗೆ 1976ರ ಏಪ್ರಿಲ್ 28ರ ಎಡಿಎಂ ಜಬಲ್ಪುರ ತೀರ್ಪು ಓದಲೇಬೇಕು. ಬಂಧನದಲ್ಲಿದ್ದವರಿಗೆ ಕೋರ್ಟಿಗೆ ಹೋಗಿ ಬಿಡುಗಡೆ ಕೇಳುವ ಹಕ್ಕೇ ಆಗ ಇಲ್ಲ ಎಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಬೆಂಗಳೂರು ಜೈಲಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರು ಕರ್ನಾಟಕ ಹೈಕೋರ್ಟಿಗೆ ಹಾಕಿದ್ದ ಅರ್ಜಿಯ ಕಥೆಯೂ ಇದರ ಜೊತೆಗೇ ಹೆಣೆದುಕೊಂಡಿದೆ. ಇದನ್ನು ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗದ 1978ರ ವರದಿಗಳ ಜೊತೆ ಓದಿ. ಅವುಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಮೀಸಾ ಎಂಬ ಆಂತರಿಕ ಭದ್ರತಾ ಕಾಯ್ದೆಯಲ್ಲಿ 34,988, ಭಾರತ ರಕ್ಷಣಾ ನಿಯಮಗಳಲ್ಲಿ 75,818, ಒಟ್ಟು 1,10,806 ಜನರನ್ನು ಬಂಧಿಸಿದ ಲೆಕ್ಕ ಅಲ್ಲಿದೆ. ಆದರೆ ಒಳಗೆ ಏನಾಯಿತು ಎಂದು ಈ ಎರಡೂ ಕಾಗದ ಪೂರ್ತಿ ಹೇಳುವುದಿಲ್ಲ. ಅದಕ್ಕೆ ಸ್ನೇಹಲತಾ ರೆಡ್ಡಿಯವರ ಜೈಲಿನ ದಿನಚರಿ ಬೇಕು. ಉಬ್ಬಸ ಇದ್ದ ಆ ನಟಿಯನ್ನು ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ತೀರ್ಪು, ಆಯೋಗದ ವರದಿ, ದಿನಚರಿ, ಈ ಮೂರನ್ನೂ ಮುಂದಿಟ್ಟುಕೊಂಡು ಬರೆದ ಪ್ರಾಜೆಕ್ಟಿಗೂ, ಒಂದನ್ನೇ ನೋಡಿ ಬರೆದದ್ದಕ್ಕೂ ಅಜಗಜಾಂತರ.

ಕೊಡಗಿನದ್ದೇ ಬೇಕಾ? ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ರಾಜ್ಯ ಸರ್ಕಾರದ ವಿರುದ್ಧ ಹೂಡಿದ ಪ್ರಕರಣ ಹುಡುಕಿ. 1997ರ ಕರ್ನಾಟಕ ಹೈಕೋರ್ಟ್ ತೀರ್ಪು. ರಾಷ್ಟ್ರೀಯ ಉದ್ಯಾನದ ಒಳಗೆ ಹೋಟೆಲ್ ಕಂಪನಿಗೆ ಜಾಗ ಗುತ್ತಿಗೆ ಕೊಟ್ಟದ್ದನ್ನು ಹಾಡಿಯ ಜನ ಪ್ರಶ್ನಿಸಿ ಗೆದ್ದರು. ಜೇನುಕುರುಬರು, ಯರವರ ಹೋರಾಟಕ್ಕೆ ಇಷ್ಟು ಗಟ್ಟಿಯಾದ, ಯಾರು ಬೇಕಾದರೂ ಓದಬಹುದಾದ ದಾಖಲೆ ಅಪರೂಪ. ಸಮಿತಿಯ ಹೆಸರನ್ನು ಕನ್ನಡದ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಹುಡುಕಬೇಕು. ಸ್ಪೆಲಿಂಗ್ ತಪ್ಪಿದರೆ ಸಿಗದು. ನಾಗರಹೊಳೆ, ಬುಡಕಟ್ಟು ಎಂಬ ಎರಡು ಪದ ಸಾಕು, ವರ್ಷ 1997 ಎಂದು ಆರಿಸಿ.

ಕೆಳಕೋರ್ಟಿನ ಹಳೇ ತೀರ್ಪುಗಳಿಗೆ ಇಂಡಿಯನ್ ಕಾನೂನ್ ನಂಬಿಕೊಳ್ಳಬೇಡಿ. ಸತ್ಯಾಗ್ರಹದ ಕಾಲದಲ್ಲಿ ಮಡಿಕೇರಿ ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷೆಯ ಕಾಗದ ಇಲ್ಲಿ ಸಿಗುವಂಥದ್ದಲ್ಲ. ಅದಕ್ಕೆ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ, ಜಿಲ್ಲೆಯ ರೆಕಾರ್ಡ್ ರೂಮಿನಲ್ಲಿ ಖುದ್ದಾಗಿ ವಿಚಾರಿಸಬೇಕು. ಜಮ್ಮಾ ಜಾಗದ ಕಾಗದಕ್ಕೆ ಅಲೆದ ಮನೆಗಳಲ್ಲಿ ಆ ದಾರಿ ಗೊತ್ತಿರುವವರು ಒಬ್ಬರಾದರೂ ಇರುತ್ತಾರೆ. ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹಾಗಾದರೆ ಯಾವುದನ್ನು ಆರಿಸಲಿ?

ಮನೆಯ ಹಿರಿಯರೊಬ್ಬರ ಜೈಲುವಾಸದ ಸಾಕ್ಷಿ ಬೇಕಿದ್ದರೆ ಗೆಜೆಟಿಯರ್ ಮೊದಲು, ಅಭಿಲೇಖ್ ಪಟಲ್ ಆಮೇಲೆ. ಹುಡುಕುವಾಗ ಕಣ್ಣೂರು ಜೈಲಿನ ಅಂದಿನ ಹೆಸರು ಕ್ಯಾನನೋರ್ ಎಂದೂ ಹಾಕಿ ನೋಡಿ, ಘಟ್ಟ ಇಳಿದರೆ ಸಿಗುವ ದೊಡ್ಡ ಜೈಲು ಅದು. ಅಮರ ಸುಳ್ಯದ 1837ರ ದಂಗೆಯ ಬಗ್ಗೆ ಬರೆಯುವವರು ಇಂಟರ್ನೆಟ್ ಆರ್ಕೈವ್‌ನ ಹಳೇ ಪುಸ್ತಕಗಳಿಂದ ಶುರು ಮಾಡಿ. ಫೈಲುಗಳಿಗೆ ಹೋಗುವ ಮುಂಚೆ ಸುಳ್ಯ ಕಡೆಯ ಹಿರಿಯರ ಬಾಯಿಂದ ಕಥೆ ಕೇಳಿಕೊಳ್ಳಿ. ಗಾಂಧೀಜಿ 1934ರ ಫೆಬ್ರವರಿಯಲ್ಲಿ ಕೊಡಗಿಗೆ ಬಂದದ್ದು, ಕೊಡಗಿನ ಗೌರಮ್ಮ ಒಡವೆ ಕೊಟ್ಟದ್ದು, ಇದರ ಸುತ್ತ ಕೆಲಸ ಮಾಡುವವರು ಗಾಂಧಿ ಹೆರಿಟೇಜ್ ಪೋರ್ಟಲ್ ನೋಡಬೇಕು. ಅಲ್ಲಿ ಗಾಂಧಿ ಬರಹಗಳ ನೂರೂ ಸಂಪುಟಗಳಿವೆ. ಬೇರೆ ಕಡೆ ಓಡಾಡುವ ಎಲೆಕ್ಟ್ರಾನಿಕ್ ಆವೃತ್ತಿಯ ಸಂಪುಟ ಸಂಖ್ಯೆ ಇದಕ್ಕೆ ಹೊಂದುವುದಿಲ್ಲ, ಅದಕ್ಕೆ ತಾರೀಖು ಹಿಡಿದೇ ಹುಡುಕಿ. ತುರ್ತು ಪರಿಸ್ಥಿತಿಗೆ ಕೋರ್ಟು ಮತ್ತು ಶಾ ಆಯೋಗ. ಬೇರೆ ದೇಶದ ಕೈದಿಗಳ ದನಿ ಕೇಳಬೇಕು, ನಮ್ಮದನ್ನೂ ಹೀಗೆ ಕೂಡಿಡುವುದು ಹೇಗೆ ಎಂದು ಕಲಿಯಬೇಕು ಎಂದರೆ ಫ್ರೀಡಂ ಆರ್ಕೈವ್ಸ್.

ಯಾವುದನ್ನು ನೋಡಿದರೂ ಸಿಕ್ಕ ಕೂಡಲೇ ಇಳಿಸಿಕೊಳ್ಳಿ. 2023ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ಬ್ರಿಟಿಷ್ ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗ್ ತಿಂಗಳುಗಟ್ಟಲೆ ಸಿಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೂ ದಾಳಿಯಾಗಿ ಅದು ಕೆಲಕಾಲ ನಿಂತುಹೋಗಿತ್ತು. ಇಳಿಸಿಕೊಂಡ ಫೈಲಿನ ಹೆಸರಿನಲ್ಲೇ ಆರ್ಕೈವ್, ಇಲಾಖೆ, ವರ್ಷ, ಫೈಲ್ ನಂಬರ್ ಬರೆದಿಡಿ. ಸುಮ್ನೆ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಆರು ತಿಂಗಳಾದ ಮೇಲೆ ಎಲ್ಲಿಯದು ಎಂದು ನಿಮಗೇ ಗೊತ್ತಾಗುವುದಿಲ್ಲ.

ಇನ್ನೂ ಯಾವ ಆರ್ಕೈವ್‌ನಲ್ಲೂ ಸರಿಯಾಗಿ ಸೇರದ ಕಾಗದ ನಮ್ಮ ಕೈಯಲ್ಲೇ ಇದೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿ ನೂರಾರು ಕುಟುಂಬಗಳನ್ನು ಎಬ್ಬಿಸಿದರು. ಜನ ಅಲ್ಲೇ ಕೂತು ಹೋರಾಡಿದರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯಿತು. ಆ ಕಾಲದ ಕರಪತ್ರ, ಫೋನಿನ ವಿಡಿಯೋ, ಸಭೆಯ ಧ್ವನಿ ಎಷ್ಟೋ ಜನರ ಹಳೇ ಫೋನಿನಲ್ಲಿವೆ. ಬ್ಯಾಟರಿ ಉಬ್ಬಿ ಫೋನ್ ಕೆಟ್ಟರೆ ಅದೂ ಹೋಯಿತು. ನಿಮ್ಮಲ್ಲಿದ್ದರೆ ಈಗಲೇ ಎರಡು ಬೇರೆ ಕಡೆ ನಕಲು ಮಾಡಿ. ತಾರೀಖು, ಜಾಗ, ಮಾತಾಡುತ್ತಿರುವವರು ಯಾರು ಎಂದು ಕನ್ನಡದಲ್ಲಿ ಒಂದು ಸಾಲು ಬರೆದು ಜೊತೆಗಿಡಿ. ಸಾರ್ವಜನಿಕವಾಗಿ ಹಾಕುವ ಮುಂಚೆ ವಿಡಿಯೋದಲ್ಲಿ ಕಾಣುವವರನ್ನು ಕೇಳಿ. ಮುಖ ತೋರಿಸುವುದು ಬೇಡ ಎಂದವರ ವಿಡಿಯೋ ಮನೆಯ ಹಾರ್ಡ್‌ಡಿಸ್ಕ್‌ನಲ್ಲೇ ಇರಲಿ. ಒಪ್ಪಿದವರದ್ದನ್ನು ಇಂಟರ್ನೆಟ್ ಆರ್ಕೈವ್‌ಗೆ ಹಾಕುವಾಗ ಶೀರ್ಷಿಕೆಯಲ್ಲಿ ದಿಡ್ಡಳ್ಳಿ ಎಂದು ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ. ಕೊಡಗು, ಕೂರ್ಗ್ ಎರಡನ್ನೂ ಟ್ಯಾಗ್ ಹಾಕಿ, ವರ್ಷವನ್ನು ಮರೆಯಬೇಡಿ.